ಗಾಳಿಯಲ್ಲಿ ತಿರುಗುವ ಗಾಲಿ

ಬ್ರಿಟನ್ನಿನಲ್ಲಿ ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆಗಳಲ್ಲಿ ಆಫ್‌ರೋಡ್ ಚಾಲನೆಯ ಒಂದು ದಿನವೂ ಸೇರಿದೆ. ಮನೆಯವರು ಮೊದಲೇ ಹಣ ಕಟ್ಟಿರುತ್ತಾರೆ; ಹುಟ್ಟುಹಬ್ಬದವರು ಡ್ರೈವಿಂಗ್ ಲೈಸೆನ್ಸ್ ಜೇಬಿಗಿಳಿಸಿ ಹೋದರಾಯಿತು. ಗಾಡಿ ತರಬೇತಿ ಕೇಂದ್ರದ್ದೇ, ಪಕ್ಕದ ಸೀಟಿನಲ್ಲಿ ತರಬೇತುದಾರ. ಹೆರಿಫರ್ಡ್‌ಶೈರಿನ ಈಸ್ಟ್‌ನರ್ ಕ್ಯಾಸಲ್ ಎಸ್ಟೇಟಿನ ಕಾಡುದಾರಿಗಳು ಇದಕ್ಕೆ ಹೆಸರುವಾಸಿ. ಲ್ಯಾಂಡ್ ರೋವರ್ ಕಂಪನಿ ತನ್ನ ಗಾಡಿಗಳನ್ನು ದಶಕಗಳಿಂದ ಪರೀಕ್ಷಿಸುತ್ತ ಬಂದಿರುವುದೂ ಅಲ್ಲಿಯ ಕೆಸರಿನಲ್ಲೇ. ಜಾಹೀರಾತಿನಲ್ಲಿ ಕೆಸರೆರಚುತ್ತ ನೆಗೆಯುವ ಗಾಡಿ ನೋಡಿ ಬಂದವರಿಗೆ ಮೊದಲ ಗಂಟೆ ಸಪ್ಪೆ ಎನಿಸಬಹುದು. ಬಹುಪಾಲು ಹೊತ್ತು ಗಾಡಿ ಸಾಗುವುದು ಮನುಷ್ಯ ನಡೆಯುವ ವೇಗದಲ್ಲಿ. ಸ್ವಾರಸ್ಯವೆಲ್ಲ ಅಡಗಿರುವುದು ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಹೌಸಿಂಗಿನೊಳಗೆ, ಎಣ್ಣೆಯಲ್ಲಿ ಮುಳುಗಿದ ಕೆಲವೇ ಹಲ್ಲುಚಕ್ರಗಳಲ್ಲಿ. ಅದೇ ಡಿಫರೆನ್ಷಿಯಲ್.

ಲ್ಯಾಂಡ್ ರೋವರ್ ಹುಟ್ಟಿದ್ದು ಹೊಲದ ಕೆಲಸಕ್ಕೆ. ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗಲ್‌ಸಿ ದ್ವೀಪದ ತಮ್ಮ ಜಮೀನಿನಲ್ಲಿ ಯುದ್ಧದಿಂದ ಮಿಕ್ಕ ಅಮೆರಿಕನ್ ಜೀಪೊಂದನ್ನು ಓಡಿಸುತ್ತಿದ್ದರು. ಅದು ಸವೆದುಹೋದರೆ ಮುಂದೇನು ಎಂಬ ಯೋಚನೆಯಿಂದ 1947ರಲ್ಲಿ ಶುರುವಾದ ಕೆಲಸ 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನಕ್ಕೆ ಗಾಡಿಯಾಗಿ ಬಂತು. ಆ ಜೀಪಿನ ಇನ್ನೊಂದು ಸಂತತಿ ಮಹೀಂದ್ರ ಕಂಪನಿಯ ಮೂಲಕ ಭಾರತದಲ್ಲಿ ಬೆಳೆದು, ನಿಟ್ಟೂರು ಮತ್ತು ಕೊಲ್ಲೂರಿನಿಂದ ಪ್ರವಾಸಿಗರನ್ನು ಹೇರಿಕೊಂಡು ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳವರೆಗೆ ಬಂದಿದೆ.

ಇಂಥ ಗಾಡಿಗಳಿಗೆಲ್ಲ ಡಿಫರೆನ್ಷಿಯಲ್ ಯಾಕೆ ಬೇಕು? ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎಡ-ಬಲ ಗಾಲಿಗಳ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಪೂರ್ತಿ ಒಂದು ಸುತ್ತಿಗೆ ಈ ಹೆಚ್ಚುವರಿ ಓಟ ಸುಮಾರು 9.4 ಮೀಟರ್. ಸುತ್ತು ಮನೆಯಂಗಳದಷ್ಟು ಚಿಕ್ಕದಿರಲಿ, ಇಡೀ ಬೆಂಗಳೂರನ್ನು ಬಳಸುವಷ್ಟು ದೊಡ್ಡದಿರಲಿ, ವ್ಯತ್ಯಾಸ ಅದೇ 9.4 ಮೀಟರ್! ಒಂದು ಪರಿಧಿಯಿಂದ ಇನ್ನೊಂದನ್ನು ಕಳೆಯುವಾಗ ರಸ್ತೆಯ ತ್ರಿಜ್ಯ ಹೊಡೆದುಹೋಗಿ, ಗಾಲಿಗಳ ಅಂತರದ ಎರಡು ಪೈ ಪಟ್ಟು ಮಾತ್ರ ಉಳಿಯುತ್ತದೆ. ಶಾಲೆಯ ರೇಖಾಗಣಿತದಲ್ಲಿ ಇಷ್ಟು ಚೆಂದದ ಲೆಕ್ಕ ಮತ್ತೊಂದಿಲ್ಲ. ಎತ್ತಿನ ಗಾಡಿಗೆ ಈ ತಾಪತ್ರಯವಿಲ್ಲ. ಅದರ ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎಂಜಿನ್ ಎರಡೂ ಗಾಲಿಗಳನ್ನು ನೂಕಬೇಕಾದಾಗಲೇ ಪೇಚು. ಒನೆಸಿಫೋರ್ ಪೆಕರ್ ಎಂಬ ಫ್ರೆಂಚ್ ಗಡಿಯಾರ ತಯಾರಕ 1820ರ ದಶಕದಲ್ಲೇ ಉಗಿಗಾಡಿಗೆಂದು ಇದಕ್ಕೆ ಪರಿಹಾರ ಕಂಡುಹಿಡಿದ. ಇಂದಿನ ಡಿಫರೆನ್ಷಿಯಲ್‌ನ ಮೂಲ ಅದೇ. ಎಂಜಿನ್‌ನಿಂದ ಬಂದ ತಿರುಗುಬಲವನ್ನು ಅದು ಎರಡೂ ಗಾಲಿಗೆ ಸಮನಾಗಿ ಹಂಚಿ, ವೇಗವನ್ನು ಮಾತ್ರ ಅವುಗಳ ಇಷ್ಟಕ್ಕೆ ಬಿಡುತ್ತದೆ.

ಟಾರು ರಸ್ತೆಯಲ್ಲಿ ವರವಾದ ಈ ಸಮಪಾಲು ಕೆಸರಿನಲ್ಲಿ ಶಾಪ. ಒಂದು ಗಾಲಿ ಗುಂಡಿಯ ಮೇಲೆ ತೂಗಾಡಿತೆನ್ನಿ. ಬರಿಗಾಳಿಯಲ್ಲಿ ಅದನ್ನು ತಿರುಗಿಸಲು ಬೇಕಾಗುವ ಬಲ ಅತ್ಯಲ್ಪ. ಗಟ್ಟಿ ನೆಲದಲ್ಲಿ ಗಾಡಿಯ ಭಾರ ಹೊತ್ತು ನಿಂತ ಜೊತೆಗಾಲಿಗೂ ಅಷ್ಟೇ ಸಿಗುತ್ತದೆ. ಪಂಕ್ತಿಯಲ್ಲಿ ಒಬ್ಬ ಒಂದೇ ತುತ್ತು ಸಾಕೆಂದರೆ ಪಕ್ಕದಲ್ಲಿ ಹಸಿದು ಕೂತವನ ಎಲೆಗೂ ಒಂದೇ ತುತ್ತು ಬಡಿಸುವ ನ್ಯಾಯ ಇದು. ಹಿಡಿತವಿರುವ ಗಾಲಿ ಕದಲುವುದಿಲ್ಲ, ಹಿಡಿತವಿಲ್ಲದ್ದು ಭರ್ರೆಂದು ಸುತ್ತುತ್ತದೆ. ಹಳೆಯ ಗಾಡಿಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸ್ ಕಡೆಯಿಂದ ಬರುವುದರಿಂದ ಮುಳ್ಳು ತೋರಿಸುವುದು ಎರಡು ಗಾಲಿಗಳ ಸರಾಸರಿ ವೇಗವನ್ನು. ನಿಂತಲ್ಲೇ ನಿಂತ ಗಾಡಿಯಲ್ಲಿ ಮುಳ್ಳು 40ಕ್ಕೆ ಬಂದರೆ, ಒಂದು ಗಾಲಿಯ ವೇಗ ಸೊನ್ನೆ, ಇನ್ನೊಂದರದು 80.

ನಾಲ್ಕೂ ಗಾಲಿಗೆ ಎಂಜಿನ್ ಜೋಡಿಸಿದರೆ ಈ ಕಾಟ ತಪ್ಪುತ್ತದೆ ಎಂಬುದು ಜನಜನಿತ ನಂಬಿಕೆ, ಮತ್ತು ಶುದ್ಧ ತಪ್ಪು. ಫೋರ್ ವೀಲ್ ಹಾಕಿದಾಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಜೊತೆಗೂಡುತ್ತವೆ, ಅಷ್ಟೇ. ಪ್ರತಿ ಆಕ್ಸಲ್ಲಿನ ಎಡ-ಬಲ ಗಾಲಿಗಳ ನಡುವೆ ಒಂದೊಂದು ಡಿಫರೆನ್ಷಿಯಲ್ ಹಾಗೇ ಕೂತಿರುತ್ತದೆ. ಮುಂದಿನ ಎಡಗಾಲಿ ಮತ್ತು ಹಿಂದಿನ ಬಲಗಾಲಿ ಒಟ್ಟಿಗೆ ಗುಂಡಿಗೆ ಇಳಿಯುವಂತೆ ದಾರಿ ಕೊರೆದಿದ್ದರೆ, ಫೋರ್ ವೀಲ್ ಡ್ರೈವ್ ಗಾಡಿಯೂ ಎರಡು ಗಾಲಿ ಸುತ್ತಿಸುತ್ತ, ಎರಡು ಗಾಲಿ ಊರಿಕೊಂಡು ನಿಂತುಬಿಡುತ್ತದೆ. ಈಸ್ಟ್‌ನರ್‌ನಂಥ ತರಬೇತಿ ದಾರಿಗಳಲ್ಲಿ ಇಂಥ ಓರೆಗುಂಡಿಗಳನ್ನು ಬೇಕೆಂದೇ ತೋಡಿರುತ್ತಾರೆ. ಮಲೆನಾಡಿನ ಮಣ್ಣುದಾರಿಗಳಲ್ಲಿ ಮಳೆನೀರೇ ತೋಡುತ್ತದೆ. ಒಂದೇ ತಿರುವಿನಲ್ಲಿ ಗಾಡಿಗಳು ಮತ್ತೆ ಮತ್ತೆ ಸಿಕ್ಕಿಕೊಂಡರೆ ಜಾಗ ಸರಿಯಿಲ್ಲ ಎಂದು ಬಾನೆಟ್ಟಿನ ನಿಂಬೆಹಣ್ಣು ಬದಲಾಯಿಸುವವರು, ಅದರ ಬದಲು ಎದುರುಬದುರಿನ ಎರಡು ಗುಂಡಿಗಳಲ್ಲಿ ಒಂದಕ್ಕೆ ನಾಲ್ಕು ಬುಟ್ಟಿ ಕಲ್ಲು ತುಂಬುವುದು ಲೇಸು. ಆಕ್ಸಿಲರೇಟರ್ ಒತ್ತುವುದೂ ಅಷ್ಟೇ ನಿಷ್ಪ್ರಯೋಜಕ: ಸುತ್ತುವ ಗಾಲಿ ಇನ್ನಷ್ಟು ಹೂತುಹೋಗುತ್ತದೆ, ಹಿಂದೆ ನಿಂತು ತಳ್ಳುವವರ ಮುಖಕ್ಕೆ ಕೆಸರು ರಾಚುತ್ತದೆ.

ಈ ಯಂತ್ರದ ಅತಿ ಕುಚೋದ್ಯದ ಗುಣ ಕಾಣುವುದು ಪಂಕ್ಚರ್ ಆದಾಗ. ಹಳೆಯ ಲ್ಯಾಂಡ್ ರೋವರ್‌ಗಳ ಹ್ಯಾಂಡ್‌ಬ್ರೇಕ್ ಗಾಲಿಗಳನ್ನು ಹಿಡಿಯುವುದಿಲ್ಲ. ಗೇರ್‌ಬಾಕ್ಸ್ ಹಿಂದೆ, ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಎರಡೂ ಹಿಂಗಾಲಿಗಳು ನೆಲದ ಮೇಲಿರುವವರೆಗೆ ಗಾಡಿ ಅಲುಗುವುದಿಲ್ಲ. ಒಂದನ್ನು ಜಾಕ್ ಹಾಕಿ ಎತ್ತಿದೊಡನೆ ಲೆಕ್ಕ ಕೆಡುತ್ತದೆ. ಶಾಫ್ಟ್ ಸ್ತಬ್ಧವಾಗಿರುವಾಗ ಎರಡು ಗಾಲಿಗಳ ವೇಗದ ಸರಾಸರಿ ಸೊನ್ನೆಯಾಗಿದ್ದರೆ ಸಾಕು. ನೆಲದ ಗಾಲಿ ಮುಂದಕ್ಕೆ ಉರುಳಿದಷ್ಟೇ ಮೇಲಿನ ಗಾಲಿ ಹಿಂದಕ್ಕೆ ತಿರುಗಬಹುದು. ಬಿಗಿಯಾಗಿ ಎಳೆದ ಹ್ಯಾಂಡ್‌ಬ್ರೇಕಿನೊಂದಿಗೇ ಗಾಡಿ ಜಾಕ್‌ನಿಂದ ಜಾರಿ ಇಳಿಜಾರಿನಲ್ಲಿ ಹೊರಟುಬಿಡುತ್ತದೆ. ಜಾಕ್ ಹಾಕುವ ಮೊದಲು ಗಾಲಿಗೆ ಕಲ್ಲು ಕೊಡಬೇಕೆಂಬ ಹಳೆಯ ಡ್ರೈವರುಗಳ ಹಟ ಬರೀ ಶಾಸ್ತ್ರವಲ್ಲ.

ಪರಿಹಾರಗಳಲ್ಲಿ ಸರಳವಾದದ್ದು ಲಾಕ್: ಎರಡು ಗಾಲಿಗಳನ್ನು ತಾತ್ಕಾಲಿಕವಾಗಿ ಒಂದೇ ಸರಳಿನಂತೆ ಬೆಸೆಯುವುದು. ಗದ್ದೆ ಉಳುವ ಟ್ರ್ಯಾಕ್ಟರ್‌ಗಳಲ್ಲಿ ಹಿಮ್ಮಡಿಯಿಂದ ಒತ್ತುವ ಇಂಥ ಪೆಡಲ್ ಇರುತ್ತದೆ. ಟ್ರ್ಯಾಕ್ಟರ್‌ನಲ್ಲಿ ಎಡ-ಬಲ ಹಿಂಗಾಲಿಗಳಿಗೆ ಬ್ರೇಕ್ ಪೆಡಲುಗಳೂ ಬೇರೆ ಬೇರೆ. ಒಂದು ಗಾಲಿ ಕೆಸರಿನಲ್ಲಿ ಸುತ್ತತೊಡಗಿದರೆ ಅನುಭವಿ ಚಾಲಕ ಅದೊಂದಕ್ಕೇ ಮೆಲ್ಲಗೆ ಬ್ರೇಕ್ ಕೊಡುತ್ತಾನೆ. ತಡೆಯನ್ನು ಮೀರಲು ಆ ಗಾಲಿಗೆ ಹೆಚ್ಚು ಬಲ ಬೇಕಾಗುತ್ತದೆ. ಸಮಪಾಲಿನ ನಿಯಮದಂತೆ ಅಷ್ಟೇ ಬಲ ಇನ್ನೊಂದಕ್ಕೂ ಹರಿದು ಟ್ರ್ಯಾಕ್ಟರ್ ಎದ್ದುಬರುತ್ತದೆ. ಇಂದಿನ ದುಬಾರಿ ಗಾಡಿಗಳ ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದೂ ಇದನ್ನೇ. ಎಬಿಎಸ್‌ನ ಸೆನ್ಸರುಗಳು ಯಾವ ಗಾಲಿ ವ್ಯರ್ಥ ಸುತ್ತುತ್ತಿದೆ ಎಂದು ಗುರುತಿಸುತ್ತವೆ, ಕಂಪ್ಯೂಟರ್ ಅದೊಂದಕ್ಕೇ ಬ್ರೇಕ್ ಹಾಕುತ್ತದೆ. ಭಾರತದ ಮಾರುಕಟ್ಟೆಯಲ್ಲಿ ಜಿಮ್ನಿ ಗಾಡಿ ಈ ಬ್ರೇಕಿನ ಉಪಾಯವನ್ನು ನೆಚ್ಚಿದರೆ, ಮಹೀಂದ್ರ ಥಾರ್‌ನ ಕೆಲವು ಮಾದರಿಗಳ ಹಿಂದಿನ ಆಕ್ಸಲ್ಲಿಗೆ ತಾನಾಗಿ ಬೀಳುವ ಮೆಕ್ಯಾನಿಕಲ್ ಲಾಕ್ ಇದೆ.

ಲಾಕ್ ಒಳ್ಳೆಯದಾದರೆ ಸದಾ ಯಾಕಿರಬಾರದು? ಬಿಗಿ ನೆಲದಲ್ಲಿ ಆ 9.4 ಮೀಟರ್ ತನ್ನ ಬಾಕಿ ಕೇಳುತ್ತದೆ. ಮುಂದೆ-ಹಿಂದೆಯೂ ಇದೇ ಕಥೆ: ಲಿವರ್ ಎಳೆದು ಫೋರ್ ವೀಲ್ ಹಾಕುವ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂಗಾಲಿಗಳು ಹಿಂಗಾಲಿಗಳಿಗಿಂತ ಹೆಚ್ಚು ಓಡಬೇಕು, ಓಡಲಾಗದೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಟೈರು ಕಿರುಗುಟ್ಟುತ್ತದೆ, ಲಿವರ್ ಸಿಕ್ಕಿಕೊಂಡು ಹಿಂದಕ್ಕೆ ಬರುವುದಿಲ್ಲ. ಕೆಸರಿನಲ್ಲಿ ಗಾಲಿ ಕೊಂಚ ಜಾರಿ ಈ ಬಿಗಿತ ಸಡಿಲಾಗುತ್ತದೆ. 1970ರ ರೇಂಜ್ ರೋವರ್ ನಡುವೆ ಮೂರನೆಯ ಡಿಫರೆನ್ಷಿಯಲ್ ಇಟ್ಟು ಯಾವಾಗಲೂ ನಾಲ್ಕು ಗಾಲಿಯಲ್ಲೇ ಓಡಿತು. ಅದಕ್ಕೂ ಲಾಕ್ ಬೇಕಾಯಿತು. ಇಲ್ಲವಾದರೆ ಗಾಳಿಯಲ್ಲಿರುವ ಒಂದೇ ಗಾಲಿ ಉಳಿದ ಮೂರರ ಕೈ ಕಟ್ಟಿಹಾಕುತ್ತಿತ್ತು.

ಇಳಿಜಾರು ಬಂದಾಗ ಲೋ ರೇಂಜ್ ಗೇರಿನ ಸರದಿ. ಲ್ಯಾಂಡ್ ರೋವರ್ ಕಂಪನಿಯ ಹಳೆಯ ಡಿಫೆಂಡರ್‌ನಲ್ಲಿ ಅದು ಗೇರ್‌ಬಾಕ್ಸಿನಿಂದ ಬರುವ ವೇಗವನ್ನು 3.3ರಲ್ಲಿ ಒಂದು ಪಾಲಿಗೆ ತಗ್ಗಿಸಿ ಬಲವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಕಡಿದಾದ ಇಳುಕಲಿನಲ್ಲಿ ಲೋ ಫಸ್ಟ್ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಎಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಬಿಡುವುದು ಕ್ರಮ. ಗಾಬರಿಯಿಂದ ಬ್ರೇಕ್ ತುಳಿದರೆ ಗಾಲಿ ನಿಂತು ಗಾಡಿ ಜಾರುತ್ತದೆ. ನಿಂತ ಗಾಲಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಫೋರ್ ವೀಲ್ ಇದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂಬುದೂ ಭ್ರಮೆ, ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಗಾಲಿಗೆ ಇದ್ದೇ ಇದೆ.

ನೀರು ದಾಟಲು ಹಳೆಯ ಡಿಫೆಂಡರ್‌ಗೆ ಕಂಪನಿ ಕೊಟ್ಟ ಮಿತಿ 500 ಮಿಲಿಮೀಟರ್, 2020ರ ಹೊಸದಕ್ಕೆ 900. ಮಿತಿ ಮೀರಿ ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ನೀರು ನುಗ್ಗಿದರೆ, ಗಾಳಿಯಂತೆ ಕುಗ್ಗದ ಆ ನೀರಿಗೆ ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಧಾನವಾಗಿ, ನಿಲ್ಲದೆ ಸಾಗಿದರೆ ಮುಂದೆ ಒಂದು ಅಲೆ ಎದ್ದು ಅದರ ಹಿಂದೆ ಬಾನೆಟ್ಟಿನ ಬಳಿ ನೀರಿನ ಮಟ್ಟ ತಗ್ಗುತ್ತದೆ. ದಡ ಹತ್ತಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರಾಗಿ ಒತ್ತಿ ಒಣಗಿಸಿಕೊಂಡೇ ಟಾರು ರಸ್ತೆಗೆ ಇಳಿಯಬೇಕು.