ಪೆನ್ಸಿಲ್ ಸೆಲ್ಲಿನ ಸಿಡಿ ಪ್ಲೇಯರ್, ಆಯಿಯ ಬೀಸೋ ಪದ

ಪುಣೆಯ ನಮ್ಮ ಆಫೀಸಿನ ಹೊಸ ಹುಡುಗರಿಗೆ ನನ್ನ ಬ್ಯಾಗಿನಲ್ಲಿರುವ ಸಿಡಿ ಪ್ಲೇಯರ್ ಒಂದು ತಮಾಷೆಯ ವಸ್ತು. ತಟ್ಟೆಯಂತೆ ದುಂಡಗಿರುವ ಅದನ್ನು ಕಂಡು ಒಬ್ಬ, ‘ಸರ್, ಇದು ವೈರ್‌ಲೆಸ್ ಚಾರ್ಜರಾ?’ ಎಂದು ಕೇಳಿದ್ದ. ಅವನದೇನೂ ತಪ್ಪಿಲ್ಲ. ಅವನು ಶಾಲೆಗೆ ಸೇರುವ ಹೊತ್ತಿಗೇ ಇದರ ಕಾಲ ಮುಗಿಯುತ್ತ ಬಂದಿತ್ತು.

ನಾನಿದನ್ನು ಕೊಂಡಿದ್ದು 2005ರಲ್ಲಿ, ಹುಬ್ಬಳ್ಳಿಯಲ್ಲಿ ಬಿ.ಇ. ಓದುತ್ತಿದ್ದಾಗ. ಗೆಳೆಯರ ಕೈಗೆ ಆಗಲೇ ಎಂಪಿ3 ಪ್ಲೇಯರ್‌ಗಳು ಬರತೊಡಗಿದ್ದರಿಂದ ಅಂಗಡಿಯವರು ರೇಟು ಇಳಿಸಿ ಕೊಟ್ಟರು. ಸೋನಿಯ ಡಿ-50 ಎಂಬ ಮೊದಲ ಪೋರ್ಟಬಲ್ ಸಿಡಿ ಪ್ಲೇಯರ್ ಬಂದಿದ್ದು 1984ರಲ್ಲಿ. ಅಂದರೆ ಈ ಯಂತ್ರದ ಕುಲ ನನಗಿಂತ ಎರಡು ವರ್ಷ ಹಿರಿದು. ಎರಡು ಪೆನ್ಸಿಲ್ ಸೆಲ್, ಒಂದು ಇಯರ್‌ಫೋನ್, ಅಷ್ಟೇ ಇದರ ಸಂಸಾರ. ಸುರತ್ಕಲ್ಲಿನಲ್ಲಿ ಎಂ.ಟೆಕ್. ಮಾಡುವಾಗಲೂ ಜೊತೆಗಿತ್ತು, 2010ರಲ್ಲಿ ಕೆಲಸಕ್ಕೆಂದು ಪುಣೆಗೆ ಬಂದಾಗಲೂ.

ಹಿಂಜವಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಇದರ ನಿಜವಾದ ಪರೀಕ್ಷೆ. ಲೇಸರ್ ಓದುವ ಗೆರೆ ಸಿಡಿಯ ನಡುವಿನಿಂದ ಹೊರಗಿನ ಅಂಚಿಗೆ ಸುರುಳಿ ಸುತ್ತುತ್ತ ಹೋಗುತ್ತದೆ. ಬಿಡಿಸಿ ಹಾಸಿದರೆ ಸುಮಾರು 5 ಕಿ.ಮೀ. ಉದ್ದ. ಅಷ್ಟು ಸಣ್ಣ ಗೆರೆಯ ಮೇಲೆ ನಿಂತ ಲೇಸರ್, ಬಸ್ಸು ಗುಂಡಿಗೆ ಇಳಿದರೆ ಹಾದಿ ತಪ್ಪದೇ ಇರುತ್ತದೆಯೇ? ಅದಕ್ಕೇ ‘ಆ್ಯಂಟಿ ಸ್ಕಿಪ್’ ಎಂಬ ಗುಂಡಿ. ಅದನ್ನು ಒತ್ತಿದರೆ ಯಂತ್ರ ಸಿಡಿಯನ್ನು ಜೋರಾಗಿ ತಿರುಗಿಸಿ, ಹಾಡನ್ನು ಮುಂಚಿತವಾಗಿ ಓದಿ ಮೆಮೊರಿಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ನಾವು ಕೋಡ್ ಬರೆಯುವವರು ಬಫರ್ ಎನ್ನುವುದು ಇದನ್ನೇ. ಲೇಸರ್ ದಾರಿ ತಪ್ಪಿ ಮತ್ತೆ ಜಾಗ ಹುಡುಕಿಕೊಳ್ಳುವವರೆಗೆ ಕೂಡಿಟ್ಟ ಹಾಡು ಕೇಳುತ್ತಿರುತ್ತದೆ. ಸೆಲ್ ಮಾತ್ರ ಬೇಗ ಖಾಲಿ. ಬಸ್ಸಿನಲ್ಲಿ ಗುಂಡಿ ಆನ್, ರೂಮಿನಲ್ಲಿ ಆಫ್ ಎಂಬುದು ವರ್ಷಗಟ್ಟಲೆ ನಡೆದ ಶಿಸ್ತು.

ಅದರಲ್ಲಿ ಹೆಚ್ಚು ಕೇಳಿದ್ದು ಭೀಮಸೇನ ಜೋಶಿಯವರನ್ನು. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು, ಗುರುಗಳ ಹೆಸರಿನಲ್ಲಿ ಇಲ್ಲಿ ಸವಾಯಿ ಗಂಧರ್ವ ಉತ್ಸವ ಕಟ್ಟಿದವರು. ನಮ್ಮಂಥ ವಲಸೆಗಾರರಿಗೆ ಅವರಿಗಿಂತ ದೊಡ್ಡ ಹಿರಿಯಣ್ಣ ಯಾರು? ಕ್ಯಾಸೆಟ್ಟಿನಲ್ಲಾದರೆ ರಾಗ ಏರುವ ಹೊತ್ತಿಗೆ ಸರಿಯಾಗಿ ಒಂದು ಮಗ್ಗುಲು ಮುಗಿಯುತ್ತಿತ್ತು. ಸಿಡಿಯಲ್ಲಿ 74 ನಿಮಿಷ ಯಾರೂ ಎದ್ದು ಮಗ್ಗುಲು ತಿರುವಬೇಕಿಲ್ಲ. ಫೋನಿನಲ್ಲಿ ಈಗ ಎಲ್ಲ ಸಿಗುತ್ತದೆ, ನಿಜ. ಆದರೆ ವಿಲಂಬಿತ ನಡೆದಾಗ ಮ್ಯಾನೇಜರ್ ಮೆಸೇಜ್ ಟಿಣ್ ಎನ್ನದ ಯಂತ್ರ ಇದೊಂದೇ.

ಹೆಡ್‌ಫೋನ್ ಜಾಕ್ ಸಡಿಲಾದಾಗ ತಪಕೀರ್ ಗಲ್ಲಿಯ ರಿಪೇರಿಯವರು ಬೆಸುಗೆ ಹಾಕಿಕೊಟ್ಟರು. ಮುಚ್ಚಳದ ಕೊಂಡಿ ಸವೆದ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಈ ಅವತಾರದಲ್ಲೂ ಇದನ್ನು ಇಟ್ಟುಕೊಂಡಿದ್ದಕ್ಕೆ ಕಾರಣ ಆಯಿ.

ಪುಣೆಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಮನೆಯಲ್ಲಿ ಅಜ್ಜಿ. ಬೀಸುವ ಕಲ್ಲಿನ ಮುಂದೆ ಕೂತು ಆಕೆ ಹೇಳುತ್ತಿದ್ದ ತ್ರಿಪದಿಗಳನ್ನು ಕಾಕಾ 1990ರ ದಶಕದಲ್ಲಿ ಟೇಪ್ ಮಾಡಿದ್ದರು. 2006ರಲ್ಲಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದನ್ನು ಸಿಡಿಗೆ ಇಳಿಸಿಸಿದೆವು. ಮೂರು ವರ್ಷದಲ್ಲಿ ಆಯಿ ತೀರಿಕೊಂಡಳು, ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಉಳಿದಿದ್ದು 41 ನಿಮಿಷದ ಆ ಒಂದು ಸಿಡಿ.

ಅಂಗಡಿಯಲ್ಲಿ ಕೊಳ್ಳುವ ಸಿನಿಮಾ ಹಾಡಿನ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತದೆ. ಬರೆದುಕೊಳ್ಳುವ ಸಿಡಿ ಹಾಗಲ್ಲ. ಅದರೊಳಗೆ ಬಣ್ಣದ ತೆಳು ಪದರ, ಅದರಲ್ಲಿ ಲೇಸರ್ ಸುಟ್ಟು ಮಾಡಿದ ಗುರುತುಗಳು. ವರ್ಷ ಕಳೆದಂತೆ ಆ ಬಣ್ಣ ಮಾಸುತ್ತದೆ. ನಿಮ್ಮ ಮನೆಯಲ್ಲೂ ಮದುವೆ ಸಿಡಿಗಳಿದ್ದರೆ ಇಂದೇ ತೆಗೆದು ನೋಡಿ. ಹೊಳೆಯುವ ಬದಿಗಿಂತ ಹೆಸರು ಬರೆದ ಬದಿಗೆ ಬಿದ್ದ ಗೀರು ಹೆಚ್ಚು ಅಪಾಯದ್ದು, ಏಕೆಂದರೆ ಮಾಹಿತಿಯ ಪದರ ಇರುವುದು ಆ ಬದಿಗೆ ಹತ್ತಿರ.

2020ರ ಲಾಕ್‌ಡೌನಿನಲ್ಲಿ ಸಿಡಿಯನ್ನು ಲ್ಯಾಪ್‌ಟಾಪಿನ ಡ್ರೈವಿಗೆ ಹಾಕಿದೆ. ಒಂಬತ್ತನೇ ನಿಮಿಷಕ್ಕೆ ಕಿರ್ರ್ ಎಂದು ನಿಂತಿತು. ಮತ್ತೊಂದು ಡ್ರೈವಿನದೂ ಅದೇ ಹಾಡು. ಊರಿಗೆ ಫೋನ್ ಮಾಡಿದರೆ ಅಪ್ಪ, ‘ಆ ನಿನ್ನ ಹಳೇ ಡಬ್ಬಿಯೊಳಗ ಹಾಕಿ ನೋಡಲೇ’ ಎಂದರು. ಹಾಕಿದೆ. ಆಯಿ ಹಾಡತೊಡಗಿದಳು.

ಇದರಲ್ಲಿ ಪವಾಡವಿಲ್ಲ. ಡ್ರೈವು ವೇಗವಾಗಿ ಓದಲು ಹೋಗಿ, ಓದಲಾಗದ ಕಡೆ ಮತ್ತೆ ಮತ್ತೆ ಪ್ರಯತ್ನಿಸಿ ಕೈಚೆಲ್ಲುತ್ತದೆ. ಹಾಡಿನ ಪ್ಲೇಯರ್ ನಿಧಾನಿ. ತಪ್ಪು ತಿದ್ದಲಾಗದ ಕಡೆ ಹಿಂದಿನ ಮುಂದಿನ ಸ್ವರ ನೋಡಿ ನಡುವಿನದನ್ನು ಅಂದಾಜಿನ ಮೇಲೆ ತುಂಬಿ ಮುಂದೆ ಹೋಗುತ್ತದೆ. ಬ್ಯಾಂಕಿನ ಲೆಕ್ಕಕ್ಕೆ ಈ ಗುಣ ಆಗದು, ಹಾಡಿಗೆ ಸಾಕು.

ಪ್ಲೇಯರನ್ನು ಅವ್ವ ಹೊಲಿದ ಕೌದಿಯ ಮಡಿಕೆಯ ಮೇಲಿಟ್ಟು, ಆ್ಯಂಟಿ ಸ್ಕಿಪ್ ಆಫ್ ಮಾಡಿ, ಲೈನ್-ಔಟ್‌ನಿಂದ ಲ್ಯಾಪ್‌ಟಾಪಿಗೆ ವೈರು ಎಳೆದೆ. 41 ನಿಮಿಷ ಮನೆಯಲ್ಲಿ ಯಾರೂ ಓಡಾಡಲಿಲ್ಲ. ಆರು ವರ್ಷದ ಮಗಳು ಮಂಚದ ಮೇಲೆ ಕಾಲು ಮಡಚಿ ಕೂತೇ ಇದ್ದಳು. ಹಾಡಿನ ನಡುವೆ ಆಯಿ ಕಲ್ಲು ನಿಲ್ಲಿಸಿ ‘ಚಾ ಆತೇನವಾ?’ ಎಂದು ಯಾರನ್ನೋ ಕೇಳುತ್ತಾಳೆ. ಮಗಳು ಮೆಲ್ಲಗೆ ‘ಆತು’ ಅಂದಳು.

ಫೈಲನ್ನು ಮನೆಯ ಗ್ರೂಪಿನಲ್ಲಿ ಎಲ್ಲರಿಗೂ ಕಳಿಸಿದೆ. ಅಂದಿನಿಂದ ಬಿಡುವಾದಾಗಲೆಲ್ಲ ತ್ರಿಪದಿಗಳನ್ನು ಬರೆದಿಡುತ್ತಿದ್ದೇನೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪಕ್ಕದಲ್ಲಿಟ್ಟುಕೊಂಡರೂ ಕೆಲವು ಶಬ್ದ ಬಗೆಹರಿಯುವುದಿಲ್ಲ, ಅವು ನಮ್ಮ ಊರಿನವೇ. ಇಪ್ಪತ್ತೇಳನೇ ನಿಮಿಷದ ಒಂದು ಸಾಲಿನಲ್ಲಿ ಮಾತ್ರ ಯಂತ್ರದ ಅಂದಾಜೂ ಸೋತಿದೆ, ಬರೀ ಕರಕರ. ಆ ಸಾಲು ತನಗೆ ಬರುತ್ತದೆಂದು ಅತ್ತಿ ಹೇಳುತ್ತಾಳೆ. ಫೋನಿನಲ್ಲಿ ಕೇಳಿದರೆ, ‘ಹಂಗ ಸುಮ್ಮನ ಹೇಳಾಕ ಬರಂಗಿಲ್ಲಪಾ, ಕಲ್ಲ ಮುಂದ ಕುಂತ್ರ ಬರತೈತಿ’ ಎನ್ನುತ್ತಾಳೆ. ಬೀಸುವ ಕಲ್ಲು ಊರಿನ ಹಿತ್ತಲಲ್ಲಿದೆ. ದೀಪಾವಳಿಗೆ ಟಿಕೆಟ್ ಬುಕ್ ಆಗಿದೆ.