ಹಾಡಿನ ಮಾತು ಮುಳುಗದಿರಲಿ: ವೇದಿಕೆಯಲ್ಲಿ ಗಿಟಾರಿಗೆ ಸ್ವಚ್ಛ ಧ್ವನಿ ಪಡೆಯುವ ಬಗೆ

ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಕನ್ನಡ ಸಂಘಗಳ ಹಬ್ಬ, ಇವುಗಳಲ್ಲಿ ಯಾವುದೇ ಇರಲಿ, ಗಡಿಯಾಚೆಯ ಕನ್ನಡಿಗರ ವೇದಿಕೆಯಲ್ಲಿ ಭಾವಗೀತೆಗೆ ಒಂದು ಸ್ಥಾನ ಇದ್ದೇ ಇರುತ್ತದೆ. ಹಾರ್ಮೋನಿಯಂ, ತಬಲಾ ನುಡಿಸುವವರು ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ. ಗಿಟಾರ್ ಹಿಡಿದ ಒಬ್ಬ ತರುಣನೋ ತರುಣಿಯೋ ತಾನೇ ನುಡಿಸುತ್ತ ತಾನೇ ಹಾಡಬಲ್ಲರು. ಆದುದರಿಂದ ಸುಗಮ ಸಂಗೀತಕ್ಕೆ ಈ ವಾದ್ಯ ಈಗ ಹೊರಗಿನದಾಗಿ ಉಳಿದಿಲ್ಲ.

ಆದರೆ ಇಂತಹ ಹಾಡುಗಾರಿಕೆಯ ಬಳಿಕ ಕೇಳಿಬರುವ ದೂರು ಬಹುತೇಕ ಒಂದೇ: “ಗಿಟಾರ್ ತಗಡು ಬಡಿದಂತೆ ಕೇಳಿಸಿತು, ನಡುನಡುವೆ ಗುಂಯ್ ಎಂದಿತು, ಹಾಡಿನ ಮಾತು ಮಾತ್ರ ತಿಳಿಯಲಿಲ್ಲ.” ಇದನ್ನು ಕೇವಲ ಸಂಗೀತದ ಕೊರತೆಯೆಂದು ನಾವು ಬಗೆಯುವುದಿಲ್ಲ. ಮಲಯಾಳಂ, ತಮಿಳು, ಮರಾಠಿ, ತೆಲುಗು ಮಾಧ್ಯಮಗಳಲ್ಲಿ ಓದುತ್ತಿರುವ ನಮ್ಮ ಅನೇಕ ಮಕ್ಕಳಿಗೆ ಗೋವಿಂದ ಪೈಗಳ ಅಥವಾ ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆ ಕಿವಿಗೆ ಬೀಳುವುದು ಇಂತಹ ವೇದಿಕೆಗಳಿಂದಲೇ. ಅಲ್ಲಿಯೂ ಮಾತು ಮುಳುಗಿದರೆ ಉಳಿಯುವುದು ಸದ್ದು ಮಾತ್ರ.

ಈ ತೊಂದರೆಗೆ ಉಪಕರಣಗಳ ಅಗ್ಗದ ಬೆಲೆಯೇ ಕಾರಣವೆಂದು ಹೇಳುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಅದಲ್ಲ. ತಂತಿಯಿಂದ ಹೊರಟ ಧ್ವನಿ ಪಿಕಪ್, ಪ್ರೀಆಂಪ್, ಕೇಬಲ್, ಮಿಕ್ಸರ್, ಆಂಪ್ಲಿಫೈಯರ್, ಸ್ಪೀಕರ್ ಎಂಬ ಸರಪಳಿಯಲ್ಲಿ ಸಾಗುತ್ತದೆ. ಮೊದಲ ಕೊಂಡಿಯಲ್ಲಿ ಕೆಟ್ಟುದನ್ನು ಕೊನೆಯ ಕೊಂಡಿಯಲ್ಲಿ ಸರಿಪಡಿಸಲಾಗದು. ಆದ್ದರಿಂದ ತಿದ್ದುವ ಕೆಲಸ ತಂತಿಯ ಕಡೆಯಿಂದ ಆರಂಭವಾಗಿ ಸ್ಪೀಕರಿನ ಕಡೆಗೆ ಸಾಗಬೇಕು.

ಧ್ವನಿ ಹುಟ್ಟುವ ಸ್ಥಳ

ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರ್ ಎಂದರೆ ಸಾಮಾನ್ಯ ಮರದ ಗಿಟಾರೇ. ಅದರೊಳಗೆ ಧ್ವನಿಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪಿಕಪ್ ಒಂದಿರುತ್ತದೆ. ಬಹುಪಾಲು ಗಿಟಾರುಗಳಲ್ಲಿ ಇದು ಪೀಜೋ ಬಗೆಯದು. ಒತ್ತಡ ಬಿದ್ದಾಗ ಕೆಲವು ಹರಳುಗಳು ವಿದ್ಯುತ್ತನ್ನು ಉಂಟುಮಾಡುತ್ತವೆ ಎಂಬುದನ್ನು ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು. ಅದೇ ತತ್ತ್ವದ ತೆಳುವಾದ ಪಟ್ಟಿಯೊಂದನ್ನು ಗಿಟಾರಿನ ಸ್ಯಾಡಲ್‌ನ, ಅಂದರೆ ತಂತಿಗಳು ಹಾದುಹೋಗುವ ಬಿಳಿಯ ಪಟ್ಟಿಯ, ಅಡಿಯಲ್ಲಿ ಇರಿಸಲಾಗಿರುತ್ತದೆ. ತಂತಿ ಕಂಪಿಸಿದಾಗ ಅದರ ಮೇಲೆ ಬೀಳುವ ಒತ್ತಡವೇ ಸಂಕೇತವಾಗುತ್ತದೆ.

ಇಲ್ಲಿಯೇ ಪೀಜೋವಿನ ಗುಣವೂ ದೋಷವೂ ಇವೆ. ಅದು ತಂತಿಯ ಒತ್ತಡವನ್ನು ಗ್ರಹಿಸುತ್ತದೆಯೇ ಹೊರತು, ಮರದ ಪೆಟ್ಟಿಗೆಯೂ ಒಳಗಿನ ಗಾಳಿಯೂ ಸೇರಿ ಕೊಡುವ ತುಂಬುದನಿಯನ್ನು ಪೂರ್ಣವಾಗಿ ಗ್ರಹಿಸುವುದಿಲ್ಲ. ಬೆರಳಿನ ಮೊದಲ ಏಟು ಅತಿಯಾಗಿ ಮುಂದೆ ಬರುತ್ತದೆ. ಸ್ಪೀಕರಿನಲ್ಲಿ ಕೇಳಿಸುವ ತಗಡಿನಂತಹ ಗೊರಗೊರ ಸದ್ದಿನ ಮೂಲ ಇದೇ. ಜೋರಾಗಿ ಬಾರಿಸಿದಷ್ಟೂ ಅದು ಹೆಚ್ಚುತ್ತದೆ. ಹಾಗಾಗಿ ಧ್ವನಿವರ್ಧಕವಿರುವಾಗ ಮೃದುವಾಗಿ ನುಡಿಸಿ, ಗಟ್ಟಿಮಾಡುವ ಕೆಲಸವನ್ನು ಉಪಕರಣಕ್ಕೆ ಬಿಡುವುದು ಮೊದಲ ಪಾಠ.

ಯಾವ ರಂಧ್ರಕ್ಕೆ ಯಾವ ಕೇಬಲ್?

ಶಾಲೆಗಳಲ್ಲಿರುವ ಸಣ್ಣ ಆಂಪ್ಲಿಫೈಯರುಗಳಲ್ಲಿ ಮೈಕಿನ ಪ್ರವೇಶ ಬೇರೆ, ಲೈನ್ ಅಥವಾ ಆಕ್ಸ್ ಪ್ರವೇಶ ಬೇರೆ. ಗಿಟಾರನ್ನು ಯಾವುದೋ ಒಂದಕ್ಕೆ ಸಿಕ್ಕಿಸುವುದೇ ರೂಢಿ. ಇದರಿಂದ ಆಗುವ ಹಾನಿ ಅರಿಯಲು ಇಂಪೀಡೆನ್ಸ್ ಎಂಬ ಪದವನ್ನು ತಿಳಿಯಬೇಕು. ಬರುವ ಸಂಕೇತಕ್ಕೆ ಉಪಕರಣವು ಒಡ್ಡುವ ತಡೆ ಎಂದು ಅದನ್ನು ಸರಳವಾಗಿ ಹೇಳಬಹುದು. ಪೀಜೋ ಪಿಕಪ್ ನೇರವಾಗಿ ಕೆಲಸ ಮಾಡಬೇಕಾದರೆ ಎದುರಿನ ಉಪಕರಣದ ಇಂಪೀಡೆನ್ಸ್ ಕನಿಷ್ಠ 10 ಲಕ್ಷ ಓಮ್ ಇರಬೇಕು. ಮೈಕಿನ ಪ್ರವೇಶದಲ್ಲಿ ಅದು ಸುಮಾರು 2,000 ಓಮ್. ಲೈನ್ ಪ್ರವೇಶದಲ್ಲಿ ಸುಮಾರು 10,000 ಓಮ್. ಇಷ್ಟು ಕಡಿಮೆಯಾದಾಗ ಮಂದ್ರದ ಧ್ವನಿಯೆಲ್ಲ ಸೋರಿಹೋಗಿ ತೆಳ್ಳನೆಯ ಕೀರಲು ಸದ್ದಷ್ಟೇ ಉಳಿಯುತ್ತದೆ.

ಈ ಅಂತರವನ್ನು ತುಂಬುವುದು ಗಿಟಾರಿನ ಪಕ್ಕದಲ್ಲಿ ಗುಂಡಿಗಳೊಡನೆ ಕಾಣುವ ಪ್ರೀಆಂಪ್. ಅದು ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ. ಪ್ರೀಆಂಪ್ ಇರುವ ಗಿಟಾರನ್ನು ಮಿಕ್ಸರಿನ ಲೈನ್ ಪ್ರವೇಶಕ್ಕೆ ಜೋಡಿಸಬಹುದು. ಬ್ಯಾಟರಿ ಕುಗ್ಗಿದಾಗ ಧ್ವನಿ ಒಮ್ಮೆಲೇ ನಿಲ್ಲುವುದಿಲ್ಲ. ಮೊದಲು ಒಡೆದಂತಾಗಿ ಕರಕರ ಎನ್ನುತ್ತದೆ. ದೋಷ ಸ್ಪೀಕರಿನದೆಂದು ಭ್ರಮಿಸುವುದು ಆಗಲೇ. ಕಾರ್ಯಕ್ರಮದ ದಿನ ಹೊಸ ಬ್ಯಾಟರಿ ಹಾಕುವುದು ಅತ್ಯಂತ ಅಗ್ಗದ ಪರಿಹಾರ. ಕೇಬಲ್ ಸಿಕ್ಕಿಸಿದೊಡನೆ ಪ್ರೀಆಂಪ್ ಚಾಲೂ ಆಗುವುದರಿಂದ, ನುಡಿಸಿ ಮುಗಿಸಿದ ಮೇಲೆ ಕೇಬಲನ್ನು ಕಳಚಿಡಬೇಕು. ಇಲ್ಲವಾದರೆ ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿಯ ಶಕ್ತಿ ವ್ಯರ್ಥವಾಗುತ್ತದೆ.

ಗಿಟಾರಿನ ಸಾಮಾನ್ಯ ಕೇಬಲ್ 6 ಮೀಟರಿಗಿಂತ ಉದ್ದವಿರದಿರುವುದು ಒಳಿತು. ಉದ್ದವಾದಷ್ಟೂ ಅದು ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಕಾರವನ್ನು ಹೀರಿಕೊಳ್ಳುತ್ತದೆ. ಮಿಕ್ಸರ್ ಸಭಿಕರ ಹಿಂದೆ ದೂರದಲ್ಲಿದ್ದರೆ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಅದು ಗಿಟಾರಿನ ಸಂಕೇತವನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧ ರೂಪದಲ್ಲಿ ಕಳುಹಿಸುತ್ತದೆ. ದಾರಿಯಲ್ಲಿ ಸೇರುವ ಗದ್ದಲ ಎರಡರಲ್ಲಿಯೂ ಒಂದೇ ಬಗೆಯಾಗಿರುವುದರಿಂದ, ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಸಂಗೀತ ಉಳಿಯುತ್ತದೆ. ಹೀಗೆ ಹೊರಟ ಸಂಕೇತ ಮೂರು ಮೊಳೆಯ ಮೈಕ್ ಕೇಬಲಿನಲ್ಲಿ 50 ಮೀಟರ್ ಸಾಗಿದರೂ ಕೆಡದು. ಡಿಐ ಬಾಕ್ಸ್ ಇಲ್ಲದಿದ್ದರೆ ಮಿಕ್ಸರನ್ನೇ ವೇದಿಕೆಯ ಪಕ್ಕಕ್ಕೆ ತರುವುದು ಉಪಾಯ. ಧ್ವನಿಯ ಕೇಬಲ್ ವಿದ್ಯುತ್ ಕೇಬಲಿನ ಜೊತೆಜೊತೆಗೆ ಹಾಯಬಾರದು. ದಾಟಲೇಬೇಕಾದರೆ ಅಡ್ಡಡ್ಡಲಾಗಿ ದಾಟಿಸಬೇಕು.

ಗಟ್ಟಿತನವನ್ನು ಹಂಚುವ ಕ್ರಮ

ಗಿಟಾರಿನ ವಾಲ್ಯೂಮ್, ಮಿಕ್ಸರಿನ ಗೇನ್, ಮಿಕ್ಸರಿನ ಫೇಡರ್, ಆಂಪ್ಲಿಫೈಯರಿನ ವಾಲ್ಯೂಮ್ ಎಂದು ಧ್ವನಿಯನ್ನು ಹೆಚ್ಚಿಸುವ ನಾಲ್ಕು ಕಡೆಗಳಿವೆ. ಗಿಟಾರಿನ ವಾಲ್ಯೂಮನ್ನು ಕಾಲುಭಾಗಕ್ಕೆ ಇಳಿಸಿ ಗೇನನ್ನು ಪೂರ್ಣ ಏರಿಸಿದರೆ ಉಸ್ಸೆಂಬ ಸದ್ದು ಏರುತ್ತದೆ; ಎರಡನ್ನೂ ಏರಿಸಿದರೆ ಧ್ವನಿ ಒಡೆಯುತ್ತದೆ. ಗಿಟಾರಿನ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇರಿಸಿ, ಹಾಡಿನಲ್ಲಿ ಎಷ್ಟು ಜೋರಾಗಿ ಬಾರಿಸುವಿರೋ ಅಷ್ಟೇ ಜೋರಾಗಿ ಆರು ತಂತಿಗಳನ್ನೂ ಬಾರಿಸಬೇಕು. ಮಿಕ್ಸರಿನ ಕೆಂಪು ದೀಪ ಮಿನುಗುವವರೆಗೆ ಗೇನ್ ಏರಿಸಿ, ಬಳಿಕ ಅದು ಮಿನುಗದಷ್ಟು ಇಳಿಸಬೇಕು. ಗೇನ್ ಅಲ್ಲಿಗೆ ನಿಲ್ಲಲಿ. ಮುಂದಿನ ಏರಿಳಿತವೆಲ್ಲ ಫೇಡರಿನಿಂದಲೇ ನಡೆಯಲಿ.

ಮಾತಿಗೆ ಜಾಗ ಬಿಡುವುದು

ಗಿಟಾರಿನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 82 ಬಾರಿ, ಅಂದರೆ 82 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಅತಿ ತಾರದ ತಂತಿ ಬಿಡಿಯಾಗಿ ಸುಮಾರು 330 ಹರ್ಟ್ಸ್‌ನಲ್ಲಿ. ಇವುಗಳ ಮೇಲಿನ ಅನುರಣನಗಳು ಹಲವು ಸಾವಿರ ಹರ್ಟ್ಸ್‌ವರೆಗೆ ಹರಡುತ್ತವೆ. ಮನುಷ್ಯನ ಮಾತಿನಲ್ಲಿ ಸ್ವರಗಳ ಬಲ ಕೆಳಗಿನ ಭಾಗದಲ್ಲಿದ್ದರೆ, ವ್ಯಂಜನಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಸುಳಿವು ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ನಡುವೆ ಇದೆ. ಕನ್ನಡದ ಲಕಾರ ಮತ್ತು ಳಕಾರ, ನಕಾರ ಮತ್ತು ಣಕಾರಗಳ ಭೇದವೂ ಹೆಚ್ಚಾಗಿ ಈ ವಲಯದ ಆಸುಪಾಸಿನಲ್ಲಿಯೇ ಕಿವಿಗೆ ತಿಳಿಯುತ್ತದೆ. ಪೀಜೋವಿನ ಗೊರಗೊರ ಸದ್ದಿನ ನೆಲೆ ಸುಮಾರು 1,000ದಿಂದ 3,000 ಹರ್ಟ್ಸ್. ಹಾಡುಗಾರರ ಮಾತನ್ನು ಗಿಟಾರ್ ನುಂಗುವುದು ಇಲ್ಲಿಯೇ.

ಆದ್ದರಿಂದ ಈಕ್ಯೂ ಗುಂಡಿಗಳನ್ನು ಬಲಕ್ಕೆ ತಿರುಗಿಸುವ ಮೊದಲು ಎಡಕ್ಕೆ ತಿರುಗಿಸುವುದನ್ನು ಕಲಿಯಬೇಕು. ಎಲ್ಲವನ್ನೂ ನಡುವಿಗೆ ತಂದಿಟ್ಟು ಆರಂಭಿಸಿ, ಮಧ್ಯಮದ ಗುಂಡಿಯನ್ನು ಮೆಲ್ಲನೆ ಇಳಿಸಿದರೆ ತಗಡುತನ ಕರಗಿ ಹಾಡಿನ ಮಾತು ಮುಂದೆ ಬರುತ್ತದೆ. ಮಿಕ್ಸರಿನಲ್ಲಿ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಗುಂಡಿ ಇದ್ದರೆ ಒತ್ತಬೇಕು. ವೇದಿಕೆಯ ಹಲಗೆಯ ಮೇಲಿನ ಕಾಲ್ಸಪ್ಪಳವೂ ಗಾಳಿಯ ಬೀಸೂ ಅದರಿಂದ ತಗ್ಗುತ್ತವೆ. ತಬಲಾ ಅಥವಾ ಢೋಲಕ್ ಜೊತೆಗಿದ್ದರೆ ಗಿಟಾರಿನ ಮಂದ್ರವನ್ನು ಇನ್ನಷ್ಟು ಇಳಿಸಿದರೂ ನಷ್ಟವಿಲ್ಲ. ಬಯಲಿನಲ್ಲಿ ಹಾರ್ನ್ ಸ್ಪೀಕರ್ ಮಾತ್ರ ಇದ್ದಲ್ಲಿ, ಅದು ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸಮರ್ಥವಾಗಿ ಕೇಳಿಸಲಾರದು. ಅಲ್ಲಿ ಮಂದ್ರವನ್ನು ಏರಿಸುವುದು ವ್ಯರ್ಥ. ಗಿಟಾರ್ ಕಡಿಮೆ ನುಡಿದಷ್ಟೂ ಹಾಡು ಚೆನ್ನ.

ಗುಂಯ್ ಎನ್ನುವ ಕೂಗು

ಸ್ಪೀಕರಿನಿಂದ ಹೊರಟ ಧ್ವನಿ ಗಿಟಾರಿನ ಪೆಟ್ಟಿಗೆಯನ್ನು ತಟ್ಟಿ, ಪೆಟ್ಟಿಗೆಯ ಕಂಪನವನ್ನು ಪಿಕಪ್ ಮರಳಿ ಸ್ಪೀಕರಿಗೆ ಕಳುಹಿಸಿದಾಗ ಮುಗಿಯದ ಸುತ್ತೊಂದು ಹುಟ್ಟುತ್ತದೆ. ಫೀಡ್‌ಬ್ಯಾಕ್ ಎಂದರೆ ಇದೇ. ಪೆಟ್ಟಿಗೆಯೊಳಗಿನ ಗಾಳಿ ತಾನಾಗಿ ಅನುರಣಿಸುವ ನೆಲೆ ದೊಡ್ಡ ಗಿಟಾರುಗಳಲ್ಲಿ ಸುಮಾರು 100 ಹರ್ಟ್ಸ್ ಆಗಿರುವುದರಿಂದ ಗಿಟಾರಿನ ಕೂಗು ಹೆಚ್ಚಾಗಿ ತಗ್ಗುದನಿಯ ಗುಂಯ್ ಆಗಿರುತ್ತದೆ. ಹಾಡುಗಾರರ ಮೈಕಿನ ಕೂಗಾದರೋ ಸಾಮಾನ್ಯವಾಗಿ ಮೇಲುದನಿಯ ಕುಂಯ್. ಎರಡನ್ನು ಗುರುತಿಸಿದರೆ ಯಾವುದನ್ನು ಇಳಿಸಬೇಕೆಂದು ತಿಳಿಯುತ್ತದೆ.

ಪರಿಹಾರವನ್ನು ಈ ಕ್ರಮದಲ್ಲಿ ಹುಡುಕಬೇಕು. ಮುಖ್ಯ ಸ್ಪೀಕರುಗಳು ಹಾಡುಗಾರರಿಗಿಂತ ಮುಂದಿದ್ದು ಸಭಿಕರ ಕಡೆಗೆ ಮುಖ ಮಾಡಿರಲಿ. ವೇದಿಕೆಯ ಮೇಲಿನ ಮಾನಿಟರ್ ಸ್ಪೀಕರಿನಲ್ಲಿ ಗಿಟಾರಿನ ಪಾಲನ್ನು ತಗ್ಗಿಸಲಿ. ಗಿಟಾರಿನ ದುಂಡು ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿದರೆ ಬಹುಪಾಲು ಗುಂಯ್‌ಕಾರ ನಿಲ್ಲುತ್ತದೆ. ಪ್ರೀಆಂಪಿನಲ್ಲಿ ಫೇಸ್ ಎಂಬ ಗುಂಡಿಯಿದ್ದರೆ ಒತ್ತಿ ನೋಡಬೇಕು; ನಾಚ್ ಎಂಬುದಿದ್ದರೆ ಕೂಗುವ ಒಂದೇ ನೆಲೆಯನ್ನು ಅದು ಕತ್ತರಿಸುತ್ತದೆ. ಒಟ್ಟು ಧ್ವನಿಯನ್ನು ಇಳಿಸುವುದು ಎಲ್ಲಕ್ಕಿಂತ ಖಚಿತವಾದ ಮದ್ದು.

ಹವೆಯ ಪಾತ್ರ

ಗಿಟಾರಿನ ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಕಾಸರಗೋಡಿನ ಕರಾವಳಿಯ ತೇವದಲ್ಲಿ ಮೇಲ್ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ. ತಂತಿಗೂ ಜ್ಯಾಕಿಗೂ ತುಕ್ಕು ಹಿಡಿದು ಕರಕರ ಸದ್ದು ಹುಟ್ಟುತ್ತದೆ. ಸೊಲ್ಲಾಪುರ, ಜತ್ತ ಸೀಮೆಯ ಒಣ ಬೇಸಿಗೆಯಲ್ಲಿ ಮೇಲ್ಹಲಗೆ ಕುಗ್ಗಿ ತಂತಿಗಳು ಪಟ್ಟಿಗಳಿಗೆ ತಾಗಿ ಝರಝರ ಎನ್ನುತ್ತವೆ. ನೀಲಗಿರಿಯ ಚಳಿಯ ಸಂಜೆಯಲ್ಲಿ ಬೆಚ್ಚನೆಯ ಕೋಣೆಯಿಂದ ಹೊರತಂದ ಗಿಟಾರ್ ಕೆಲವೇ ನಿಮಿಷಗಳಲ್ಲಿ ಶ್ರುತಿ ತಪ್ಪುತ್ತದೆ. ಇವು ಯಾವುವೂ ಮಿಕ್ಸರಿನಿಂದ ಸರಿಯಾಗುವ ದೋಷಗಳಲ್ಲ. ಗಿಟಾರನ್ನು ಪೆಟ್ಟಿಗೆಯಲ್ಲಿಯೇ ಇರಿಸಿ, ಅರ್ಧ ಗಂಟೆ ಮೊದಲು ವೇದಿಕೆಯ ಹವೆಗೆ ತೆರೆದಿಟ್ಟು, ಬಳಿಕ ಶ್ರುತಿಗೊಳಿಸಬೇಕು.

ಜೀವಕ್ಕೆ ಸಂಬಂಧಿಸಿದ ಮಾತು

ಇದುವರೆಗಿನದು ಧ್ವನಿಯ ವಿಚಾರ. ಮುಂದಿನದು ಪ್ರಾಣದ ವಿಚಾರ. ಗಿಟಾರಿನ ಜ್ಯಾಕಿನ ಲೋಹಭಾಗವೂ ಕೆಲವು ಗಿಟಾರುಗಳಲ್ಲಿ ತಂತಿಗಳೂ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಮೈಕಿನ ಲೋಹದ ಜಾಲರಿಯೂ ಹಾಗೆಯೇ. ಗಿಟಾರಿನ ಆಂಪ್ಲಿಫೈಯರ್ ಒಂದು ಕಡೆಯಿಂದ, ಮಿಕ್ಸರ್ ಮತ್ತೊಂದು ಕಡೆಯಿಂದ ವಿದ್ಯುತ್ ಪಡೆಯುತ್ತಿದ್ದು, ಒಂದರಲ್ಲಿ ಅರ್ಥಿಂಗ್ ಇಲ್ಲದೆ ಸೋರಿಕೆಯಿದ್ದರೆ, ತಂತಿಯನ್ನು ಹಿಡಿದ ಹಾಡುಗಾರನ ತುಟಿ ಮೈಕಿಗೆ ತಾಗಿದ ಕ್ಷಣ ವಿದ್ಯುತ್ ಅವನ ಮೈಯ ಮೂಲಕ ಹರಿಯುತ್ತದೆ. ಹಿಂಗಾರು ಮಳೆಯ ನವೆಂಬರಿನಲ್ಲಿ, ಹಸಿನೆಲದ ಶಾಮಿಯಾನದಡಿ, ಜನರೇಟರಿನ ಆಸರೆಯಲ್ಲಿ ನಡೆಯುವ ಸಮಾರಂಭಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಸಂಘಟಕರಲ್ಲಿ ನಮ್ಮ ವಿನಂತಿ ಇಷ್ಟೆ. ವೇದಿಕೆಯ ಎಲ್ಲ ಧ್ವನಿ ಉಪಕರಣಗಳೂ ಅರ್ಥಿಂಗ್ ಇರುವ ಒಂದೇ ಮೂಲದಿಂದ ವಿದ್ಯುತ್ ಪಡೆಯಲಿ. ಗುಂಯ್‌ಕಾರ ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಮೊಳೆಯನ್ನು ಯಾರೂ ಕತ್ತರಿಸದಿರಲಿ; ಆ ಕೆಲಸಕ್ಕೆ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಗುಂಡಿಯೇ ಇದೆ. 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚನ್ನು ವೇದಿಕೆಯ ವಿದ್ಯುತ್ ದಾರಿಯಲ್ಲಿ ಅಳವಡಿಸಲು ಎಲೆಕ್ಟ್ರಿಷಿಯನ್‌ಗೆ ಮುಂಚಿತವಾಗಿ ಹೇಳಲಿ. ಮೈಕ್ ಮುಟ್ಟಿದಾಗ ಚುರುಕೆಂದಿತು ಎಂದು ಒಂದು ಮಗು ಹೇಳಿದರೂ ಕಾರ್ಯಕ್ರಮ ನಿಲ್ಲಿಸಿ ಪರೀಕ್ಷಿಸಬೇಕು.

ಕೊನೆಯ ಸಾಲಿನ ಪರೀಕ್ಷೆ

ಸಭೆ ಸೇರುವ ಮುಂಚೆ ಅರ್ಧ ಗಂಟೆಯನ್ನು ಧ್ವನಿ ಪರೀಕ್ಷೆಗೆ ಮೀಸಲಿಡುವುದು ಯಾವ ಸಂಘಕ್ಕೂ ಅಸಾಧ್ಯವಲ್ಲ. ಮೊದಲು ಹಾಡುಗಾರರ ಮೈಕನ್ನು ಮಾತ್ರ ಸರಿಪಡಿಸಿ, ಬಳಿಕ ಗಿಟಾರನ್ನು ಸೊನ್ನೆಯಿಂದ ಮೆಲ್ಲನೆ ಏರಿಸುತ್ತ ಬರಬೇಕು. ಗಿಟಾರ್ ನುಡಿಯುತ್ತಿರುವಾಗಲೇ ಹಾಡುಗಾರರು ಕಲೆ, ಕಳೆ, ಮನೆ, ಮಣೆ, ಹಲ್ಲಿ, ಹಳ್ಳಿ ಎಂಬ ಪದಗಳನ್ನು ಹಿಂದುಮುಂದಾಗಿಸಿ ಉಚ್ಚರಿಸಲಿ; ಕೊನೆಯ ಸಾಲಿನಲ್ಲಿ ಕುಳಿತ ಒಬ್ಬ ವಿದ್ಯಾರ್ಥಿ ಅವನ್ನು ಬರೆದುಕೊಳ್ಳಲಿ. ಬರೆದುದು ಸರಿಯಾಗಿದ್ದರೆ ಗಿಟಾರಿನ ಮಟ್ಟವೂ ಸರಿಯಾಗಿದೆ. ತಪ್ಪಿದ್ದರೆ ಮೈಕನ್ನು ಏರಿಸುವ ಮೊದಲು ಗಿಟಾರನ್ನು ಇಳಿಸಬೇಕು.