ಕಣ ಕೂಡಿದರೆ ನೀರು ತಿಳಿ

ಮಳೆಗಾಲದ ಕೆಂಪು ನೀರನ್ನು ಬಿಂದಿಗೆಗೆ ತುಂಬಿ ಅಲುಗಾಡಿಸದೆ ಇಟ್ಟರೆ ಮರಳು ಬೇಗನೆ ತಳ ಸೇರುತ್ತದೆ, ಕೆಂಪು ಮಾತ್ರ ಉಳಿಯುತ್ತದೆ. ಅದು ಜೇಡಿಯ ಕೆಂಪು. 1 ಮೈಕ್ರಾನ್ ಗಾತ್ರದ ಜೇಡಿಕಣ ನಿಂತ ನೀರಿನಲ್ಲಿ ದಿನವಿಡೀ ಇಳಿದರೂ 7–8 ಸೆಂಟಿಮೀಟರ್ ದಾಟುವುದಿಲ್ಲ. ಅದರ ಹತ್ತನೇ ಒಂದರಷ್ಟು ಚಿಕ್ಕ ಕಣಕ್ಕಂತೂ ಒಂದು ಅಡಿ ಇಳಿಯಲು ವರ್ಷವೇ ಬೇಕು. ಸುತ್ತಲಿನ ನೀರಿನ ಅಣುಗಳ ತಳ್ಳಾಟ ಅದನ್ನು ಅಷ್ಟರಮಟ್ಟಿಗೂ ಇಳಿಯಗೊಡುವುದಿಲ್ಲ. ಆದ್ದರಿಂದ ಕದಡಿದ ನೀರಿನ ಸಮಸ್ಯೆ ಭಾರದ್ದಲ್ಲ, ಬಿಡಿತನದ್ದು. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ ಇಳಿಯುವ ಕೆಲಸ ತಾನಾಗಿ ಆಗುತ್ತದೆ.

ಅಂಟಿಸುವ ಉಪಾಯ ನಮ್ಮಲ್ಲಿ ಬಹಳ ಹಳೆಯದು. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತಿಕ್ಕಿ, ಅದರೊಳಗೆ ನೀರು ತುಂಬಿಟ್ಟರೆ ಕೆಸರು ಕೆಳಗಿಳಿಯುತ್ತದೆ. ಸಂಸ್ಕೃತದಲ್ಲಿ ಇದೇ ಕತಕ. ಸುಶ್ರುತ ಸಂಹಿತೆ ನೀರು ತಿಳಿಗೊಳಿಸುವ ವಸ್ತುಗಳ ಸಾಲಿನಲ್ಲಿ ಇದನ್ನು ಹೇಳುತ್ತದೆ. ಮನುಸ್ಮೃತಿಯ ಆರನೇ ಅಧ್ಯಾಯದಲ್ಲಿ ಇದು ಬರುವುದು ಧರ್ಮದ ಮಾತಿಗೆ ಹೋಲಿಕೆಯಾಗಿ. ನನಗೆ ಎರಡನೆಯದೇ ಹೆಚ್ಚು ಬಲವಾದ ಸಾಕ್ಷಿ ಎನಿಸುತ್ತದೆ. ಕೇಳುವವರಿಗೆ ಮೊದಲೇ ಗೊತ್ತಿಲ್ಲದ ವಸ್ತುವನ್ನು ಯಾರೂ ಹೋಲಿಕೆಗೆ ತರುವುದಿಲ್ಲ.

ಕಾರಣ ಹುಡುಕುವ ಕೆಲಸ ಶುರುವಾದದ್ದು ತೀರ ಈಚೆಗೆ. 1857ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಹರಡಿ ಮಾಣಿಕ್ಯದಂಥ ಕೆಂಪು ದ್ರವ ಮಾಡಿದ. ಅದಕ್ಕೆ ಉಪ್ಪು ಬೀಳುತ್ತಲೇ ಕೆಂಪು ನೀಲಿಗೆ ತಿರುಗಿತು. ಬಿಡಿ ಕಣಗಳು ಕೂಡಿಕೊಂಡದ್ದರ ಗುರುತು ಅದು. ಉಪ್ಪು ಸೋಕದ ಅವನ ಕೆಂಪು ಸೀಸೆಗಳು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಕೆಂಪಾಗಿಯೇ ಇವೆ. 1882ರಲ್ಲಿ ಹಾನ್ಸ್ ಶುಲ್ಟ್ಸೆ ಇನ್ನೊಂದು ಸಂಗತಿ ಕಂಡುಕೊಂಡ: ಸೋಡಿಯಂ ಲವಣ ಬಹಳಷ್ಟು ಬೇಕಾದ ಕಡೆ ಅಲ್ಯೂಮಿನಿಯಂ ಲವಣ ಚಿಟಿಕೆಯಷ್ಟು ಸಾಕು. ಜೇಡಿಕಣದ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಎಲ್ಲವೂ ಋಣವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಮೂರು ಧನಾಂಶ ಹೊತ್ತ ಅಲ್ಯೂಮಿನಿಯಂ ಆ ತಳ್ಳಾಟವನ್ನು ಅಡಗಿಸುತ್ತದೆ. ಆಗ ಹತ್ತಿರ ಬಂದ ಕಣಗಳನ್ನು, ಎಲ್ಲ ವಸ್ತುಗಳ ನಡುವೆಯೂ ಇರುವ ಸಣ್ಣ ಸೆಳೆತ ಹಿಡಿದುಕೊಳ್ಳುತ್ತದೆ. ಸೆಳೆತ–ತಳ್ಳಾಟಗಳ ಈ ಲೆಕ್ಕವನ್ನು 1941ರಲ್ಲಿ ಡೆರ್ಯಾಗಿನ್ ಮತ್ತು ಲಂಡಾವ್, 1948ರಲ್ಲಿ ಫರ್ವೇ ಮತ್ತು ಓವರ್‌ಬೇಕ್ ಪೂರ್ಣಗೊಳಿಸಿದರು.

ಬೀಜದ ಉಪಾಯ ಅಷ್ಟು ಹಿಂದೆಯೇ ಗೊತ್ತಿದ್ದ ಮೇಲೆ ಈ ಲೆಕ್ಕದಿಂದ ಸಿಕ್ಕಿದ್ದೇನು ಎಂದು ಕೇಳಬಹುದು. ಸಿಕ್ಕಿದ್ದು ಅಳತೆ. ಅಲ್ಯೂಮಿನಿಯಂ ಲವಣವಾದ ಪಟಿಕ ಕಡಿಮೆಯಾದರೆ ಕಣ ಕೂಡುವುದಿಲ್ಲ. ಹೆಚ್ಚಾದರೆ ಕಣದ ಮೇಲೆ ಧನಾಂಶವೇ ಮಿಕ್ಕಿ ಮತ್ತೆ ತಳ್ಳಾಟ ಶುರುವಾಗಬಹುದು. ಅದಕ್ಕೇ ನೀರು ಶುದ್ಧೀಕರಣ ಘಟಕಗಳಲ್ಲಿ ಒಂದೇ ನೀರನ್ನು ಸಾಲು ಜಾಡಿಗಳಿಗೆ ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ಪಟಿಕ ಹಾಕಿ ನೋಡುತ್ತಾರೆ. ಮೊದಲು ಜೋರಾಗಿ ಕಲಕಬೇಕು, ಪಟಿಕ ಎಲ್ಲೆಡೆ ಹರಡಲಿ ಎಂದು. ಆಮೇಲೆ ಮೆಲ್ಲಗೆ, ಕಟ್ಟಿದ ಮುದ್ದೆ ಒಡೆಯದಿರಲಿ ಎಂದು. ಕಾವೇರಿ ನೀರು ಬೆಂಗಳೂರಿಗೆ ಹೊರಡುವ ಮುನ್ನ ತೊರೆಕಾಡನಹಳ್ಳಿಯಲ್ಲಿ ಇಂಥ ಹಂತಗಳನ್ನು ಹಾದೇ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಬೀಜ ಉಪ್ಪಲ್ಲವಲ್ಲ? ನಿಜ, ವಿದ್ಯುದಂಶದ ಲೆಕ್ಕವೊಂದೇ ಸಾಲದು. ಬೀಜದಿಂದ ಬಿಡುವ ಉದ್ದನೆಯ ಅಣುಗಳು ಒಂದು ತುದಿಯಲ್ಲಿ ಒಂದು ಕಣವನ್ನೂ ಇನ್ನೊಂದರಲ್ಲಿ ಮತ್ತೊಂದನ್ನೂ ಹಿಡಿದು ಸೇತುವೆ ಕಟ್ಟಬಲ್ಲವು. ನೀರು ತಿಳಿಗೊಳಿಸುವ ನುಗ್ಗೆಬೀಜದಲ್ಲಿ ಧನಾಂಶವುಳ್ಳ ಪ್ರೋಟೀನುಗಳೇ ಕಣಗಳನ್ನು ಕೂಡಿಸುತ್ತವೆ. ಪಟಿಕವೂ ನೀರಿನಲ್ಲಿ ಹಿಂಜಿದ ಹತ್ತಿಯಂಥ ಹೈಡ್ರಾಕ್ಸೈಡ್ ಆಗಿ, ಇಳಿಯುವಾಗ ಕಣಗಳನ್ನು ಗುಡಿಸಿಕೊಂಡು ಹೋಗುತ್ತದೆ. ಹಳೆಯ ರೂಢಿಯನ್ನು ಮೂಢತನವೆನ್ನುವವರೂ ಹೊಸ ಸಿದ್ಧಾಂತವನ್ನು ಬೇಡದ ಕಸರತ್ತು ಎನ್ನುವವರೂ ಇಲ್ಲಿ ಸಮಾನವಾಗಿ ತಪ್ಪುತ್ತಾರೆ.

ಕಣಗಳು ಎಷ್ಟು ಬೇಗ ಕೂಡುತ್ತವೆ ಎಂಬ ಗಣಿತವನ್ನು ಮೊದಲು ಬಿಡಿಸಿದವನು ಪೋಲೆಂಡಿನ ಸ್ಮೊಲುಕೋವ್ಸ್ಕಿ. 1917ರಲ್ಲಿ ಕ್ರಾಕೋವ್ ನಗರದಲ್ಲಿ ಆಮಶಂಕೆಗೆ ತುತ್ತಾಗಿ 45ನೇ ವಯಸ್ಸಿನಲ್ಲೇ ತೀರಿಕೊಂಡ. ಕಲುಷಿತ ನೀರಿನಿಂದಲೂ ಹರಡುವ ಕಾಯಿಲೆ ಅದು. ಕೆಸರಿನ ಜೊತೆ ಒಂದಷ್ಟು ರೋಗಾಣುಗಳೂ ತಳ ಸೇರುತ್ತವೆ, ಎಲ್ಲವೂ ಅಲ್ಲ. ಬೀಜ ತಿಕ್ಕಿದ ನೀರಾಗಲಿ, ಮನೆಯಲ್ಲಿ ಪಟಿಕ ಆಡಿಸಿದ ನೀರಾಗಲಿ, ತಿಳಿಯಾದ ಮೇಲೂ ಕುದಿಸಿಯೇ ಕುಡಿಯಿರಿ.